ವಾಲ್ಬುರ್ಗಳ ಗುಲಾಬಿ

ಇದನ್ನು ನಮ್ಮ ಪಾದ್ರಿಗೂ ನಾನು ಹೇಳಿಲ್ಲ.

ಆಲ್ಪ್ಸ್ ಬೆಟ್ಟಕ್ಕೂ ಸರೋವರಕ್ಕೂ ನಡುವೆ ಸಿಕ್ಕಿಕೊಂಡ ನಮ್ಮ ಹಳ್ಳಿಯಲ್ಲಿ ಹೂಳಲು ಜಾಗ ಸಾಲದು. ಅದಕ್ಕೇ ಇಪ್ಪತ್ತು ವರ್ಷಕ್ಕೊಮ್ಮೆ ಗೋರಿ ಅಗೆದು, ತಲೆಬುರುಡೆಯನ್ನು ಬಿಸಿಲಿಗಿಟ್ಟು ಬೆಳ್ಳಗಾಗಿಸಿ, ಹಣೆಯ ಮೇಲೆ ಹೆಸರು ಬರೆದು ಚರ್ಚಿನ ಮೂಳೆಕೋಣೆಯಲ್ಲಿ ಜೋಡಿಸುತ್ತೇವೆ. ಬರೆಯುವವಳು ನಾನು. ಹೆಂಗಸಿಗೆ ಗುಲಾಬಿ, ಗಂಡಸಿಗೆ ಹಸಿರು ಬಳ್ಳಿ.

ಆ ಜೂನ್‌ನಲ್ಲಿ ಗೋರಿ ಅಗೆಯುವ ಸೆಪ್, ಇಪ್ಪತ್ತು ವರ್ಷದ ಹಿಂದೆ ಹೂಳಿದ್ದ ವಾಲ್ಬುರ್ಗಳ ಬುರುಡೆ ತಂದುಕೊಟ್ಟ. ಬಿಸಿಲಲ್ಲಿ ಬೆಳ್ಳಗಾದ ಮೇಲೆ ಗುಲಾಬಿ ಬಿಡಿಸಿ ಹೆಸರು ಬರೆದೆ. ಮರುದಿನ ಹಣೆ ಖಾಲಿ, ಬಣ್ಣದ ಕಲೆಯೂ ಇಲ್ಲ. ಕಿಟಕಿಯ ಬಿಸಿಲಲ್ಲಿದ್ದರೂ ಮಂಜುಗಡ್ಡೆಯಷ್ಟು ತಣ್ಣಗಿತ್ತು. ಮತ್ತೆ ಬರೆದೆ, ಮತ್ತೆ ಖಾಲಿ. ಮೂರನೆಯ ಸಲ ಕುಂಚ ಜಾರಿ ಕೊನೆಯ ಗುಲಾಬಿಯ ಎಸಳೊಂದು ಸೊಟ್ಟಗಾಯಿತು. ಬೆಳಗಾಗುವಷ್ಟರಲ್ಲಿ ಅದೂ ಮಾಯ.

ಮಧ್ಯಾಹ್ನ ಸೆಪ್ ಬಂದ, ಕಂಕುಳಲ್ಲಿ ಬಟ್ಟೆಯ ಗಂಟು.

"ತಪ್ಪಾಯ್ತು ರೋಸಲಕ್ಕ. ಅವತ್ತು ಪಕ್ಕದ ಗೋರಿ ಅಗ್ದುಬಿಟ್ಟಿದ್ದೆ. ನಿಮ್ಮ ಹತ್ರ ಇರೋದು ಅವಳ ಗಂಡ ಫ್ಲೋರಿಯಾನ್ ತಲೆ."

"ಅವತ್ತು ಬೆಳಗ್ಗೇನೇ ಹೆಂಡ ಏರಿಸಿದ್ಯೇನೋ? ಗಂಡಸಿನ ಹಣೆಗೆ ಗುಲಾಬಿ ಬರೆಸಿದ್ಯಲ್ಲೋ!" ಎಂದು ಬೈದೆ. ನಿಜ ಹೇಳಬೇಕೆಂದರೆ, ಹೆಸರು ಯಾಕೆ ನಿಲ್ಲಲಿಲ್ಲ ಎಂದು ತಿಳಿದು ಹೋದ ಜೀವ ಬಂದಂತಾಗಿತ್ತು.

ಸೆಪ್ ನಗಲಿಲ್ಲ. "ವಾಲ್ಬುರ್ಗಮ್ಮನ್ನ ಈಗ ತಾನೇ ತೆಗ್ದೆ. ಅಗೆಯೋವರೆಗೂ ಗೋರಿ ಮೇಲಿನ ಹುಲ್ಲೂ ಅಲುಗಿರ್ಲಿಲ್ಲ ಅಕ್ಕ, ದೇವರಾಣೆ. ನೀವೇ ನೋಡಿ."

ಗಂಟು ಬಿಚ್ಚಿದೆ. ಮಣ್ಣು ಮೆತ್ತಿದ ಬುರುಡೆ. ಹಣೆಯ ಮೇಲೆ ನನ್ನದೇ ಕೈಬರಹದಲ್ಲಿ ಅವಳ ಹೆಸರು, ಸುತ್ತಲೂ ಗುಲಾಬಿ. ಕೊನೆಯದರ ಎಸಳು ಸೊಟ್ಟಗಿತ್ತು.

ಮುಟ್ಟಿದೆ. ಹಸಿ ಕೆಂಪು ಬೆರಳಿಗೆ ಹತ್ತಿತು.