ಟ್ರೇಲರ್ ನೋಡಲು ಹೋದವನು

“ಹಿಂದೆ ನಿಂತ್ಕೋಬೇಡಿ ಅಂದ್ರೆ ಕಿವಿ ಕೇಳಲ್ವಾ?”

ಪೀಣ್ಯದ ಫ್ಯಾಕ್ಟರಿ ಗೇಟಿನಲ್ಲಿ ಉದ್ದನೆಯ ಟ್ರೇಲರ್ ಲಾರಿಯನ್ನು ಹಿಂದಕ್ಕೆ ತರುತ್ತಿದ್ದ ಲೋಕೇಶ ಇಳಿದು ಬಂದು ಗದರಿದ. ಗಾಲಿ ಅಲ್ಲೇ ಕೆಲಸಕ್ಕಿದ್ದ ಗೌರಿಯಿಂದ ಒಂದೇ ಗೇಣು ದೂರವಿತ್ತು. ತನಗಿಂತ ಅವನ ಕೈಯೇ ಹೆಚ್ಚು ನಡುಗುತ್ತಿರುವುದು ಅವಳಿಗೆ ಕಂಡಿತು. ಆ ನಡುಕಕ್ಕೇ ಅವಳು ಸೋತಿದ್ದು...

ಅದು 1996. ಆರು ತಿಂಗಳು ಕಳೆದ ಮೇಲೆ, ಭಾನುವಾರ ಲಗ್ಗೆರೆಯ ನಿಮ್ಮ ಮನೆಗೆ ಬಂದು ನಿಮ್ಮಪ್ಪನ ಹತ್ತಿರ ಹೆಣ್ಣು ಕೇಳುತ್ತೇನೆ ಎಂದ.

ಭಾನುವಾರ ಮಾಡಿಟ್ಟ ಕೇಸರಿಬಾತು ಆರಿ ಗಟ್ಟಿಯಾಯಿತು. ಅವನು ಬರಲಿಲ್ಲ. ಅಪ್ಪ ನರಸಿಂಹಯ್ಯ ಪಕ್ಕದ ಮನೆಯ ಚಿನ್ನಪ್ಪನನ್ನು ಲಾರಿ ಆಫೀಸಿಗೆ ಕಳಿಸಿದರು. ಆಫೀಸು ಮುಚ್ಚಿತ್ತು. ಎದುರಿನ ಟೀ ಅಂಗಡಿಯಲ್ಲಿ ವಿಚಾರಿಸಿ ಬಂದ ಚಿನ್ನಪ್ಪ ಹೇಳಿದ್ದು ಇಷ್ಟೇ: “ಟ್ರೇಲರ್ ನೋಡಕ್ಕೆ ಓದ್ನಂತೆ.”

ದಿನವೂ ಓಡಿಸುವ ಲಾರಿಯನ್ನು ಯಾರಾದರೂ ನೋಡಲು ಹೋಗುತ್ತಾರೆಯೇ? ಆ ವಾರ ಟಾಕೀಸಿನಲ್ಲಿ ಹೊಸ ಸಿನಿಮಾದ ಟ್ರೇಲರ್ ತೋರಿಸುತ್ತಿದ್ದರು, ಬೀದಿಯಲ್ಲೆಲ್ಲ ಅದೇ ಮಾತು. ಹೆಣ್ಣು ಕೇಳುವ ದಿನ ಸಿನಿಮಾದ ತುಣುಕು ನೋಡಲು ಹೋದವನಿಗೆ ಮಗಳನ್ನು ಕೊಡುವುದಿಲ್ಲವೆಂದು ಅಪ್ಪ ಎದ್ದುಹೋದರು.

ಹದಿನೈದು ದಿನ ಬಿಟ್ಟು ಲೋಕೇಶ ಬಂದ. ಗೌರಿ ಬಾಗಿಲು ತೆಗೆಯಲಿಲ್ಲ.

“ನೋಡ್ಬೇಕಾಗಿದ್ದನ್ನ ನೋಡಾಯ್ತಲ್ಲ... ಹೋಗಿ,” ಎಂದಳು ಒಳಗಿನಿಂದಲೇ.

ಅವನು ಮತ್ತೆ ಬಾಗಿಲು ಬಡಿಯದೆ ಹೊರಟುಹೋದ.

ಎರಡು ವರ್ಷ ಕಳೆಯಿತು. ಬಂದ ಎರಡು ಸಂಬಂಧಗಳನ್ನೂ ಗೌರಿ ಬೇಡವೆಂದಳು. ಯಾಕೆಂದು ತನಗೇ ಹೇಳಿಕೊಳ್ಳಲಿಲ್ಲ.

ಒಂದು ದಿನ ಊಟದ ಹೊತ್ತಿನಲ್ಲಿ, ಫ್ಯಾಕ್ಟರಿಗೆ ಹೊಸದಾಗಿ ಸೇರಿದ್ದ ಬೈರಮ್ಮ ತಾನು ಕೆಲಸಕ್ಕೆ ಬಂದ ಕಾರಣ ಹೇಳಿದಳು.

“ನಮ್ಮೆಜಮಾನ್ರು ಓಡಿಸ್ತಿದ್ದ ಟ್ರೇಲರ್ ನೆಲಮಂಗಲದ ತಾವ ಮಗುಚ್ಕೊಂತು. ಹೆಣ್ಣು ಕೇಳಕ್ಕೆ ಹೊಂಟಿದ್ದ ನಮ್ ಮೈದ ಅದನ್ನ ನೋಡಕ್ಕೆ ಓಡೋದ. ಅಣ್ಣನ ಹೆಣಾನ ಅವ್ನೇ ಈಚೆಗೆ ಎಳ್ದಿದ್ದು.”

ಮೈದುನನ ಹೆಸರು ಲೋಕೇಶ ಎಂದು ತಿಳಿದ ಮೇಲೆ ಗೌರಿ ಊಟದ ಡಬ್ಬಿ ಮುಚ್ಚಿಟ್ಟಳು. ಬಾಗಿಲ ಹಿಂದಿನಿಂದ ತಾನು ಆಡಿದ ಮಾತು ಅವನಿಗೆ ಹೇಗೆ ಕೇಳಿಸಿರಬಹುದು... ದೇವರೇ!

ಸಂಜೆ ಬೈರಮ್ಮನ ಜೊತೆಗೇ ಹೋದಳು. ಲೋಕೇಶ ಲಾರಿ ಓಡಿಸುವುದನ್ನು ಬಿಟ್ಟು ಪಂಕ್ಚರ್ ಅಂಗಡಿ ಇಟ್ಟಿದ್ದ. ಅವಳು ಎಲ್ಲವನ್ನೂ ಹೇಳಿದಳು. ಅವನು ತಲೆಯೆತ್ತದೆ ಕೇಳಿಸಿಕೊಂಡ.

“ಒಂದ್ಸಲ ಬಾಗಿಲು ತೆಗೆದಿದ್ರೆ ಸಾಕಿತ್ತು ಗೌರಿ. ಅಳೋಕೆ ಒಂದು ಜಾಗ ಸಿಗ್ತಿತ್ತು ನಂಗೆ.”

“ಈಗ ಅಳಿ... ನಾನಿದೀನಿ.”

“ಈಗ ಅಳು ಬರಲ್ಲ.”

ಬರುವವರೆಗೂ ಕಾಯುತ್ತೇನೆ ಎಂದು ಅವಳು ಅವನ ಪಕ್ಕದಲ್ಲಿ ನೆಲದ ಮೇಲೇ ಕೂತಳು. ಅವನು ಕೈಯಲ್ಲಿದ್ದ ಟ್ಯೂಬ್ ಕೆಳಗಿಟ್ಟ.

“ಎದ್ದು ಹೋಗಲ್ಲ ತಾನೇ?”

“ಇಲ್ಲ,” ಎಂದಳು.