ಮುನ್ನೂರರ ಆಚೀಚೆ

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ. ಹೇಳುವವರಿಗೇನು! ರಾತ್ರಿ ಕೆಲಸ ಮುಗಿಸಿ ಮನೆಗೆ ಬಂದು ಹಾಸಿಗೆಗೆ ಬೀಳಬೇಕಾದ ಗಂಡ, ಇಸ್ತ್ರಿ ಮಾಡಿದ ನೀಲಿ ಶರ್ಟ್ ತೊಟ್ಟು, ಒದ್ದೆ ಕೂದಲು ಬಾಚಿಕೊಂಡು, ಊರಿನ ಇನ್ನೊಂದು ತುದಿಯ ಗಲ್ಲಿಯಿಂದ ಹೊರಬರುವುದು ಕಣ್ಣಿಗೆ ಬಿದ್ದರೆ ಯಾವ ಹೆಂಡತಿ ತಾನೇ ಪ್ರಮಾಣಿಸುತ್ತ ಕೂರುತ್ತಾಳೆ?

ಅವಳು ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುವವಳು. ಆ ಬೆಳಗ್ಗೆ ಸ್ಟಿಯರಿಂಗ್ ಹಿಡಿದಿದ್ದವರು ಒಬ್ಬ ನಿವೃತ್ತ ಗುಮಾಸ್ತರು. ಗಂಡನನ್ನು ಕಂಡದ್ದೇ ತಡ, ತನ್ನ ಕಾಲಡಿಯ ಬ್ರೇಕನ್ನು ಒತ್ತಿಬಿಟ್ಟಳು. ಕಾರು ಮುಗ್ಗರಿಸಿ ನಿಂತಿತು.

"ನಾನೇನು ತಪ್ಪು ಮಾಡ್ದೆ ಟೀಚರ್?" ಗುಮಾಸ್ತರು ಬೆವರಿದರು.

"ನೀವಲ್ಲ ಸರ್. ನೀವು ಓಡ್ಸಿ," ಅಂದಳು.

ಹನ್ನೊಂದು ವರ್ಷದ ಹಿಂದೆ ಅದೇ ಸೀಟಿನಲ್ಲಿ ಅವನೂ ಕೂತಿದ್ದ. ಬೇಕರಿಯಲ್ಲಿ ಹಿಟ್ಟು ನಾದುವವನು. ರಿವರ್ಸ್ ತೆಗೆಯುವುದೆಂದರೆ ಅವನಿಗೆ ಜೀವವೇ ಬಾಯಿಗೆ ಬರುತ್ತಿತ್ತು. ದಿನಾ ಬಿಸಿ ಬನ್ನು ತಂದು ಡ್ಯಾಶ್‌ಬೋರ್ಡ್ ಮೇಲಿಡುತ್ತಿದ್ದ. ಅದಕ್ಕೇ ಅವಳು ಅವನಿಗೆ 'ಬನ್ನು' ಎಂದು ಹೆಸರಿಟ್ಟಳು. ಲೈಸೆನ್ಸ್ ಸಿಕ್ಕ ಮೇಲೂ ಮೂರು ತಿಂಗಳು ಕ್ಲಾಸಿಗೆ ಬಂದ ಮಹಾಶಯ ಅವನು. ಮಿರರ್ ನೋಡು ಅಂದರೆ ಅವಳನ್ನೇ ನೋಡುತ್ತಿದ್ದ, ಗದರಿಸಿದರೆ ಕಿವಿಯವರೆಗೂ ಕೆಂಪಾಗಿ ಇನ್ನಷ್ಟು ನೋಡುತ್ತಿದ್ದ.

ಈಗೆಲ್ಲಿ ಆ ನೋಟ? ಎರಡು ವರ್ಷದಿಂದ ಅವನು ಬರುತ್ತಿದ್ದ, ಮಲಗುತ್ತಿದ್ದ, ಎದ್ದು ಮತ್ತೆ ಹೋಗುತ್ತಿದ್ದ. ಅಡುಗೆಮನೆಯಲ್ಲಿ ಎದುರಾದರೆ, ಬಸ್ಸಿನಲ್ಲಿ ಅಪರಿಚಿತರಿಗೆ ಜಾಗ ಬಿಡುವಂತೆ ಸರಿದು ನಿಲ್ಲುತ್ತಿದ್ದ. ಜಗಳವಾದರೂ ಆಡಿದ್ದರೆ ಅವಳಿಗೆ ಸಮಾಧಾನವಿರುತ್ತಿತ್ತು.

ಸಂಜೆ ಅವನು ಎದ್ದು ಕಾಫಿ ಲೋಟ ಹಿಡಿಯುವವರೆಗೆ ಹೇಗೋ ತಡೆದುಕೊಂಡಳು.

"ಯಾರವಳು?"

"ಯಾರು?"

"ನೀಲಿ ಶರ್ಟ್ ಯಾರಿಗೋಸ್ಕರ ಅಂತ ಕೇಳ್ದೆ."

ಅವನು ಒಂದು ಗಳಿಗೆ ಕಣ್ಣು ಕಣ್ಣು ಬಿಟ್ಟ. ಆಮೇಲೆ ಅಂಗಿಯ ತೋಳು ಮಡಚಿ ತೋರಿಸಿದ. ಮೊಣಕೈಯ ಒಳಮಡಿಕೆಯಲ್ಲಿ ಹತ್ತಿಯುಂಡೆ, ಮೇಲೊಂದು ಪ್ಲಾಸ್ಟರ್.

"ಲ್ಯಾಬಿನೋಳು. ಐವತ್ತೈದು ವಯಸ್ಸಿರ್ಬೇಕು. ಮೂರು ಸಲ ನರ ತಪ್ಸಿದ್ಲು."

ನಗು ಬಂತು ಅವಳಿಗೆ, ಹಿಂದೆಯೇ ಅವನ ತೋಳು ಹಿಡಿದುಕೊಂಡಳು. "ಏನಾಗಿದೆ ನಿಂಗೆ?"

"ಎದ್ದಾಗ ಫೋನಿಗೆ ರಿಪೋರ್ಟ್ ಬಂದಿತ್ತು. ಟೆಸ್ಟೋಸ್ಟಿರೋನ್ ಕಮ್ಮಿ ಇದೆಯಂತೆ. ಗಂಡಸರ ಹಾರ್ಮೋನು. ತೀರಾ ಕಮ್ಮಿಯಲ್ಲ, ಅಂಚಲ್ಲಿದೆ. ಮುನ್ನೂರಾದ್ರೂ ಇರ್ಬೇಕು, ಇನ್ನೂರ ಎಪ್ಪತ್ತೊಂದಿದೆ."

"ಇದನ್ನ ನನ್ನ ಹತ್ರ ಹೇಳೋಕೇನು ದಾಡಿ?"

"ನಾಚಿಕೆ ಆಯ್ತು ಕಣೇ." ಲೋಟವನ್ನು ಸುಮ್ಮನೆ ತಿರುಗಿಸುತ್ತ ಕೂತ. "ಹೋದ ವರ್ಷ ಎರಡನೇ ಸಲಾನೂ ಬಸಿರು ನಿಲ್ಲಲಿಲ್ವಲ್ಲ, ಅವತ್ತು ನೀನು ಬಾತ್‌ರೂಮಲ್ಲಿ ಕೂತು ಅತ್ತೆ. ನಾನು ಬಾಗಿಲ ಹೊರಗೆ ನಿಂತಿದ್ದೆ. ನಂಗೆ ಏನೂ ಅನ್ನಿಸ್ಲಿಲ್ಲ. ಬೇಜಾರು ಕೂಡ ಆಗ್ಲಿಲ್ಲ. ಒಳಗೆ ಯಾರೂ ಇಲ್ಲವೇನೋ ಅನ್ನೋ ಹಾಗೆ. ಅವತ್ತು ಭಯ ಆಯ್ತು."

ಎರಡು ಸಲ ಐವಿಎಫ್ ಮಾಡಿಸಿಕೊಂಡಿದ್ದರು. ಎರಡು ಸಲವೂ ಗರ್ಭ ಉಳಿಯಲಿಲ್ಲ. ಇನ್ನು ಆ ಸೂಜಿ, ಆ ಬಿಳಿ ಮಂಚ ಸಾಕು ಎಂದು ಅವಳೇ ಕೈಮುಗಿದಿದ್ದಳು. ಹಾಗಂತ ಆಸೆ ಬಿಟ್ಟಿರಲಿಲ್ಲ. ತಾನಾಗಿಯೇ ಆದೀತು ಎಂದು ತಿಂಗಳು ತಿಂಗಳೂ ದಾರಿ ನೋಡುತ್ತಿದ್ದಳು. ಅವಳಿಗೀಗ ನಲವತ್ತು.

ಮುಂದಿನ ವಾರ ಇಬ್ಬರೂ ಹಾರ್ಮೋನ್ ಡಾಕ್ಟರ ಎದುರು ಕೂತರು. ಮಾತಿನಲ್ಲಿ ಬೆಣ್ಣೆ ಸವರದ ಹಿರಿಯ ಹೆಂಗಸು ಆಕೆ.

"ರಕ್ತ ಯಾವಾಗ ಕೊಟ್ರಿ?"

"ಬೆಳಗ್ಗೆ ಎಂಟಕ್ಕೆ, ಖಾಲಿ ಹೊಟ್ಟೇಲಿ. ನೀವು ಬರೆದ ಹಾಗೇನೇ."

ಅವಳಿಗೆ ತಡೆಯಲಾಗಲಿಲ್ಲ. "ಡಾಕ್ಟ್ರೇ, ಇವ್ರು ಮಧ್ಯರಾತ್ರಿ ಎದ್ದು ಬೇಕರಿಗೆ ಹೋಗೋರು. ಕೆಲ್ಸ ಮುಗ್ಸಿ ಅಲ್ಲೇ ಸ್ನಾನ ಮಾಡಿ, ಶರ್ಟ್ ಬದಲಾಯ್ಸಿ ಸೀದಾ ಲ್ಯಾಬಿಗೆ ಬಂದಿದಾರೆ. ನಮ್ಮ ಬೆಳಗ್ಗೆ ಎಂಟು ಅಂದ್ರೆ ಇವ್ರಿಗೆ ದಿನ ಮುಗಿದ ಹೊತ್ತು."

ಡಾಕ್ಟರು ಪೆನ್ನು ಕೆಳಗಿಟ್ಟರು. "ಇದನ್ನ ಯಾಕಪ್ಪಾ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ವಲ್ಲ ಮೇಡಂ."

ಚೆನ್ನಾಗಿ ನಿದ್ದೆ ಮಾಡಿ ಎದ್ದಾಗ ಈ ಹಾರ್ಮೋನು ಮೇಲಿರುತ್ತದೆ, ದಣಿದು ಬಂದವನ ರಕ್ತದಲ್ಲಿ ಅಳೆದರೆ ಲೆಕ್ಕ ತಪ್ಪುತ್ತದೆ ಎಂದರು. ಮೂರು ವಾರ ರಜೆ ಹಾಕಿ ರಾತ್ರಿ ಮಲಗಬೇಕು, ಆಮೇಲೆ ಎರಡು ಸಲ ಪರೀಕ್ಷೆ.

ಆ ಮೂರು ವಾರ ಅವಳು ಆಸೆಯಿಂದ ಹೂವಾಗಿಹೋದಳು. ಅಂಕಿ ಏರಿಬಿಟ್ಟರೆ ಔಷಧವೂ ಬೇಡ, ಏನೂ ಬೇಡ. ಎಷ್ಟೋ ವರ್ಷದ ಮೇಲೆ ಇಬ್ಬರೂ ಒಂದೇ ಹೊತ್ತಿಗೆ ಮಲಗಿ ಒಂದೇ ಹೊತ್ತಿಗೆ ಏಳುತ್ತಿದ್ದರು. ಒಂದು ಬೆಳಗ್ಗೆ ಕಣ್ಣು ಬಿಟ್ಟಾಗ ಅವನು ಅವಳನ್ನೇ ನೋಡುತ್ತಿದ್ದ. ಪರದೆಯ ಸಂದಿನಿಂದ ಬಂದ ಬೆಳಕು ಅವನ ಕೆನ್ನೆಯ ಮೇಲಿತ್ತು. ಅವನ ಬೆರಳು ಅವಳ ಹುಬ್ಬಿನ ಮೇಲೆ ನಿಧಾನವಾಗಿ ಹರಿಯಿತು, ಕಿವಿಯ ಹತ್ತಿರ ಬಂತು. ಅವಳು ಉಸಿರು ಬಿಗಿಹಿಡಿದಳು. ಮುಂದೇನೆಂಬುದು ಮರೆತುಹೋದಂತೆ ಬೆರಳು ಅಲ್ಲೇ ನಿಂತಿತು.

"ಸಾರಿ," ಅಂದ.

"ಸಾರಿ ಅಂದ್ರೆ ಫೇಲ್ ಮಾಡ್ತೀನಿ ನೋಡು," ಎಂದು ನಕ್ಕಳು. ಆಮೇಲೆ ಅತ್ತ ತಿರುಗಿ ಮಲಗಿದಳು.

ಮೊದಲ ಸಲ ಮುನ್ನೂರ ನಾಲ್ಕು ಬಂತು. ವಾರ ಬಿಟ್ಟು ನೋಡಿದರೆ ಇನ್ನೂರ ತೊಂಬತ್ತಾರು. ಅತ್ತ ಆರೋಗ್ಯವೂ ಅಲ್ಲ, ಇತ್ತ ಕಾಯಿಲೆಯೂ ಅಲ್ಲ.

"ಔಷಧಿ ಶುರು ಮಾಡಿ ಅಂತಾನೂ ಅನ್ಬಹುದು, ಬೇಡ ಅಂತಾನೂ ಅನ್ಬಹುದು," ಎಂದರು ಡಾಕ್ಟರು. "ತಗೊಂಡ್ರೆ ಉತ್ಸಾಹ ವಾಪಸ್ ಬರ್ಬಹುದು, ಬರದೇನೂ ಇರ್ಬಹುದು. ನಾನು ಗ್ಯಾರಂಟಿ ಕೊಡಲ್ಲ. ಆದ್ರೆ ಒಂದು ಗೊತ್ತಿರ್ಲಿ. ಹೊರಗಿಂದ ಹಾರ್ಮೋನು ಕೊಟ್ರೆ ಒಳಗೆ ವೀರ್ಯಾಣು ಆಗೋದು ಹೆಚ್ಚುಕಮ್ಮಿ ನಿಂತೇ ಹೋಗುತ್ತೆ. ಆಮೇಲೆ ಬಿಟ್ರೂ ಸರಿಹೋಗೋಕೆ ತಿಂಗಳುಗಟ್ಟಲೆ, ಕೆಲವ್ರಿಗೆ ವರ್ಷಗಟ್ಟಲೆ ಬೇಕು. ಮೊದಲೇ ತೆಗೆದು ಶೇಖರಿಸಿಡ್ಬಹುದು, ಆದ್ರೆ ಆಗ ಮತ್ತೆ ಐವಿಎಫ್ ದಾರೀನೇ."

ಡಾಕ್ಟರು ಒಂದು ಹಾಳೆ ಕೊಟ್ಟು, ಯೋಚನೆ ಮಾಡಿ ತುಂಬಿ ತನ್ನಿ ಅಂದರು. 'ಮುಂದೆ ಮಗು ಪಡೆಯುವ ಉದ್ದೇಶವಿದೆಯೇ?' ಎಂದು ಅದರಲ್ಲಿ ಬರೆದಿತ್ತು. 'ಇದೆ', 'ಇಲ್ಲ' ಎಂದು ಪಕ್ಕದಲ್ಲಿ ಎರಡು ಚೌಕ, ಕೆಳಗೆ ಇಬ್ಬರ ಸಹಿಗೆ ಜಾಗ.

ಹಾಳೆ ಫ್ರಿಜ್ಜಿನ ಬಾಗಿಲಲ್ಲಿ ಒಂಬತ್ತು ದಿನ ಅಂಟಿಕೊಂಡಿತ್ತು. ಹಾಲು ತೆಗೆಯುವಾಗಲೆಲ್ಲ ಅವಳು ಅದನ್ನು ನೋಡದಂತೆ ನೋಡುತ್ತಿದ್ದಳು.

"ಬೇಡ ಬಿಡು, ನಾನೇನು ಸಾಯ್ತಿಲ್ವಲ್ಲ. ಇನ್ನೊಂದು ವರ್ಷ ನೋಡೋಣ," ಅನ್ನುತ್ತಿದ್ದ ಅವನು. ಅವಳಿಗೋಸ್ಕರ ಅನ್ನುತ್ತಿದ್ದಾನೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಒಳಗೊಳಗೇ ಖುಷಿಪಡುತ್ತಿದ್ದಳು, ಆ ಖುಷಿಗೆ ನಾಚುತ್ತಿದ್ದಳು. ಅವಳಿಗೆ ಮಗು ಬೇಕಿತ್ತು. ಸುತ್ತಿ ಬಳಸಿ ಹೇಳಿ ಏನು ಪ್ರಯೋಜನ?

ಹತ್ತನೆಯ ದಿನ ಭಾನುವಾರ. ಮಧ್ಯಾಹ್ನ ಅವನು ಸಿಂಕಿನ ಮುಂದೆ ಲೋಟ ತೊಳೆಯುತ್ತಿದ್ದ. ಅವಳು ಎರಡು ಮೂಸಂಬಿ ಸುಲಿದು ಮುಗಿಸಿದರೂ ಅವನು ಅದೇ ಲೋಟವನ್ನು ತೊಳೆಯುತ್ತಲೇ ಇದ್ದ. ಹುಟ್ಟದೇ ಇರುವವರ ದಾರಿ ಕಾಯುತ್ತ, ಮನೆಯಲ್ಲಿದ್ದವನು ದಿನಕ್ಕಿಷ್ಟು ಸವೆಯುವುದನ್ನು ತಾನು ನೋಡುತ್ತ ಕೂತಿದ್ದೇನೆ ಅನ್ನಿಸಿತು ಅವಳಿಗೆ. ಎದ್ದು ಹೋಗಿ ನಲ್ಲಿ ನಿಲ್ಲಿಸಿದಳು.

"ಬನ್ನು, ನನ್ನನ್ನ ಪಕ್ಕಕ್ಕಿಟ್ಟು ಹೇಳು. ನಿಂಗೆ ಏನು ಬೇಕು?"

ಅವನು ಲೋಟವನ್ನು ಕಟ್ಟೆಯ ಮೇಲಿಟ್ಟ. "ನಿನ್ನನ್ನ ನೋಡಿದ್ರೆ ಮೊದ್ಲಿನ ಹಾಗೆ ಏನಾದ್ರೂ ಅನ್ನಿಸ್ಬೇಕು. ಅಷ್ಟೇ."

ಅವಳು ಫ್ರಿಜ್ಜಿನಿಂದ ಹಾಳೆ ಕಿತ್ತಳು. ಅಡುಗೆಕಟ್ಟೆಯ ಮೇಲಿಟ್ಟು 'ಇಲ್ಲ' ಎಂಬಲ್ಲಿ ಗುರುತು ಹಾಕಿ, ಸಹಿ ಮಾಡಿ, ಪೆನ್ನನ್ನು ಅವನ ಒದ್ದೆ ಕೈಗೆ ಕೊಟ್ಟಳು.

"ನಿಂಗೆ ಬೇಕಿತ್ತಲ್ಲೇ?"

"ಬೇಕಿತ್ತು. ಈಗ್ಲೂ ಬೇಕು. ಆದ್ರೆ ನೀನು ಮೊದ್ಲು ಬೇಕು."

"ತಗೊಂಡೂ ಏನೂ ಆಗ್ಲಿಲ್ಲ ಅಂದ್ರೆ? ಅದೂ ಇಲ್ಲ, ಇದೂ ಇಲ್ಲ ಅಂತಾದ್ರೆ?"

"ಆಗ ನೋಡ್ಕೊಳ್ಳೋಣ. ಸಹಿ ಹಾಕು."

ಅವನು ಹಾಕಿದ. ಅವನ ಅಕ್ಷರದ ಕೊನೆಯ ಸುರುಳಿ ಮುಗಿಯುವುದನ್ನೇ ಕಾದಿದ್ದವಳಂತೆ ಅವಳು ಅತ್ತುಬಿಟ್ಟಳು. ಈ ಸಲ ಬಾತ್‌ರೂಮಿಗೆ ಓಡಲಿಲ್ಲ. ಅಲ್ಲೇ ನೆಲದ ಮೇಲೆ ಕುಸಿದು ಕೂತಳು. ಅವನೂ ಕೂತು ಅವಳ ತಲೆಯನ್ನು ಎದೆಗೆ ಒರಗಿಸಿಕೊಂಡ. ಅವನ ಕಣ್ಣು ಒಣಗಿತ್ತು.

"ನಂಗೆ ಅಳು ಬರ್ತಿಲ್ಲ ಟೀಚರ್," ಅಂದ ಸಣ್ಣ ದನಿಯಲ್ಲಿ. "ಬರ್ಬೇಕು ಅಂತ ಗೊತ್ತು. ಬರ್ತಿಲ್ಲ."

"ಪರ್ವಾಗಿಲ್ಲ," ಅಂದಳು, ಅವನ ಶರ್ಟಿಗೆ ಮುಖ ಒತ್ತಿ. "ಇವತ್ತು ನಿನ್ನ ಪಾಲಿಂದೂ ನಾನೇ ಅಳ್ತೀನಿ."

ಹಾಗೇ ಇಬ್ಬರ ಪಾಲನ್ನೂ ಅತ್ತಳು.