ಸಾಂಬಾರ್ ಚೆಲ್ಲದ ಮೋಟಾರ್‌ಸೈಕಲ್

ಫಟಾರ್!

ಕೆನ್ನೆಗೆ ಬಿದ್ದ ಏಟಿನ ಸದ್ದಿಗೆ ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಹೊಡೆದವಳು ತುಂಗಾ. ಹೊಡೆಸಿಕೊಂಡವನು ಭೋಜರಾಜ, ಮೌಂಟ್ ರೋಡಿನ ಹಿಂದಿನ ಗಲ್ಲಿಯ ಆ ಹಳೇ ಮೋಟಾರ್‌ಸೈಕಲ್ ಅಂಗಡಿಯ ಮೆಕ್ಯಾನಿಕ್. ಇಬ್ಬರೂ ಒಬ್ಬರನ್ನೊಬ್ಬರು ಕಂಡು ಇನ್ನೂ ಕಾಲು ಗಂಟೆ ಆಗಿರಲಿಲ್ಲ!

"ಹೆಣ್ಣುಮಕ್ಕಳನ್ನ ಹೀಗಾ ನೂಕುದು? ನಾಚಿಕೆ ಆಗುದಿಲ್ವಾ ನಿಮಗೆ?"

ಅವಳ ಮೊಣಕೈ ತರಚಿ ರಕ್ತ ಒಸರುತ್ತಿತ್ತು. ಸೀರೆಯೆಲ್ಲ ಮಣ್ಣು. ಭೋಜರಾಜ ಕೆನ್ನೆ ಮುಟ್ಟಿಕೊಳ್ಳಲೂ ಇಲ್ಲ. ಸುಮ್ಮನೆ ಕೈ ತೋರಿಸಿದ.

ಅರೆಕ್ಷಣದ ಹಿಂದೆ ಅವಳು ನಿಂತಿದ್ದ ಜಾಗದಲ್ಲಿ ಐನೂರು ಸಿ.ಸಿ.ಯ ದೊಡ್ಡ ಗಾಡಿಯೊಂದು ಗೋಡೆಗೆ ಗುದ್ದಿ ಅಡ್ಡ ಬಿದ್ದಿತ್ತು. ಗೋಡೆಯ ಗಾರೆ ಕಿತ್ತು ಬಂದಿತ್ತು. ಹಿಂದಿನ ಚಕ್ರ ಇನ್ನೂ ಗಿರಗಿರ ತಿರುಗುತ್ತಿತ್ತು. ಪಕ್ಕದಲ್ಲಿ ಪಂಚೆ ಹರಿದುಕೊಂಡು ಕುಳಿತಿದ್ದವನು ಅವಳ ಅಣ್ಣ ವಿಷ್ಣುಮೂರ್ತಿ. ಗೇರ್‌ನಲ್ಲಿದ್ದಾಗ ಆಕ್ಸಿಲರೇಟರ್ ತಿರುವಬೇಡಿ ಎಂದು ಭೋಜರಾಜ ಮೂರು ಸಲ ಹೇಳಿದ್ದ. ಈ ಮಹಾರಾಯ ಕೇಳಿದ್ದರೆ ತಾನೇ!

ಅಂದರೆ... ಇವನು ನೂಕದಿದ್ದರೆ ನಾನು ಆ ಗೋಡೆಗೂ ಗಾಡಿಗೂ ನಡುವೆ...

ತುಂಗಾ ಕಿತ್ತುಬಂದ ಗಾರೆಯನ್ನು ನೋಡಿದಳು. ಏನೋ ಹೇಳಹೊರಟಳು. ಅಷ್ಟರಲ್ಲಿ ವಿಷ್ಣುಮೂರ್ತಿ ಎದ್ದು ಬಂದಿದ್ದ. ತಪ್ಪು ತನ್ನದೆಂದು ಗೊತ್ತಾದಾಗಲೇ ಅವನಿಗೆ ಕೋಪ ಹೆಚ್ಚು.

"ನನ್ನ ತಂಗಿಯನ್ನ ಮುಟ್ತೀಯನಾ?"

ಮುಷ್ಟಿ ಬಿಗಿದು ಬಾಯಿಗೇ ಗುದ್ದಿದ. ತುಟಿ ಒಡೆಯಿತು. ಎರಡನೆಯದು ಹೊಟ್ಟೆಗೆ. ಭೋಜರಾಜ ಬಗ್ಗಿದ, ಮತ್ತೆ ನೆಟ್ಟಗಾದ. ಗಟ್ಟಿ ಆಳು; ಒಂದೇ ಕೈಯಲ್ಲಿ ಎಂಜಿನ್ ಎತ್ತಿಡುವವನು. ಆದರೂ ಕೈ ಎತ್ತಲಿಲ್ಲ! ತೋಳಿನಿಂದ ರಕ್ತ ಒರೆಸಿಕೊಂಡು, ಹೋಗಿ ಬಿದ್ದಿದ್ದ ಗಾಡಿಯನ್ನು ಆಫ್ ಮಾಡಿದ.

"ಪೆಟ್ರೋಲ್ ಸೋರ್ತಾ ಇದೆ ಸಾರ್, ಬೀಡಿ ಗೀಡಿ ಹಚ್ಚಬೇಡಿ" ಎಂದನಷ್ಟೇ.

ಯಾಕೆ ತಿರುಗಿ ಹೊಡೆಯಲಿಲ್ಲ ಇವನು?

ಆ ಪ್ರಶ್ನೆ ತುಂಗಾಳನ್ನು ಮನೆಯವರೆಗೂ ಬಿಡಲಿಲ್ಲ. ಬಿಡುವುದಾದರೂ ಹೇಗೆ ಹೇಳಿ? ಪುರಸೈವಾಕ್ಕಂನಲ್ಲಿ ಅವರದು 'ಅನಂತ ವಿಲಾಸ' ಹೋಟೆಲು, ಮಹಡಿಯ ಮೇಲೆ ಮನೆ. ಆ ಮನೆಯಲ್ಲಿ ಬಾಯಿಗಿಂತ ಮೊದಲು ಕೈ ಮಾತಾಡುತ್ತಿತ್ತು. ಅಪ್ಪಯ್ಯ ಅಮ್ಮನಿಗೆ ಹೊಡೆಯುತ್ತಿದ್ದರು, ಇಬ್ಬರೂ ಹೋಗಿಯಾಯಿತು. ಈಗ ಅಣ್ಣಯ್ಯ ಕಬ್ಬಿಣದ ಸೌಟಿನಲ್ಲಿ ಕೆಲಸದವರ ಬೆನ್ನಿಗೆ ಬಾರಿಸುತ್ತಾನೆ. ಇಪ್ಪತ್ತಮೂರರ ತುಂಗಾ ಎರಡು ಸಂಬಂಧ ಬೇಡವೆಂದಿದ್ದಳು. ಅವಳಿಗೆ ಬೇಕಾಗಿದ್ದು ಒಂದೇ: ಯಾರೂ ಯಾರ ಮೇಲೂ ಕೈ ಎತ್ತದ ಒಂದು ಮನೆ. ಅದು ಸಿಗದಿದ್ದರೆ ಮದುವೆಯೇ ಬೇಡ!

ತಾನೂ ಅವತ್ತು ಒಬ್ಬನ ಕೆನ್ನೆಗೆ ಬಾರಿಸಿ ಬಂದಿದ್ದೇನೆ ಎಂಬುದು ಮಾತ್ರ ಅವಳ ಲೆಕ್ಕಕ್ಕೆ ಬರಲೇ ಇಲ್ಲ.

ಅದು ಅರವತ್ತೊಂದನೇ ಇಸವಿ. ಪೋರೂರು ಕೆರೆಯ ಹತ್ತಿರ ಹೊಸ ಕಾರ್ಖಾನೆಯೊಂದು ಎದ್ದಿತ್ತು. ಅಲ್ಲಿನ ನಲವತ್ತು ಗುಮಾಸ್ತರಿಗೆ ದಿನಾ ಮಧ್ಯಾಹ್ನ ಬಿಸಿ ಊಟ ಕಳಿಸುವ ಕೆಲಸ ಹೋಟೆಲಿಗೆ ಸಿಕ್ಕಿತ್ತು. ಅದಕ್ಕೇ ಮೋಟಾರ್‌ಸೈಕಲ್ ಬೇಕಾಗಿತ್ತು. ವಿಷ್ಣುಮೂರ್ತಿಗೆ ಐನೂರರ ಮೇಲೇ ಕಣ್ಣು. ಸ್ಟಾರ್ಟ್ ಮಾಡಿದರೆ ಇಡೀ ಬೀದಿ ತಿರುಗಿ ನೋಡಬೇಕು ಅವನಿಗೆ!

ತುಂಗಾ ಒಪ್ಪಲಿಲ್ಲ. ಹೋಟೆಲಿನಲ್ಲಿ ಅರ್ಧ ಪಾಲು ಅವಳದು.

"ಅಪ್ಪಯ್ಯನ ಕಾಲದಿಂದ ಒಂದು ಕ್ರಮ ಉಂಟಲ್ಲ ಅಣ್ಣಯ್ಯ? ಅನ್ನ ಹೊರುವ ಗಾಡಿ ಸಾಂಬಾರ್ ಹೊತ್ತು ತೋರಿಸ್ಬೇಕು. ಜಟ್ಕಾ ತೆಗೊಂಡಾಗ್ಲೂ ಹಾಗೇ ಮಾಡಿದ್ದು."

ಕ್ರಮ ಹೀಗೆ. ಹಿಡಿಕೆಯಿರುವ ಹಿತ್ತಾಳೆ ಪಾತ್ರೆಯಲ್ಲಿ, ತಮಿಳರ ತೂಕಿನಲ್ಲಿ, ಕಂಠದವರೆಗೆ ಸಾಂಬಾರ್ ತುಂಬಬೇಕು. ಮುಚ್ಚಳ ಹಾಕುವಂತಿಲ್ಲ. ತೂಕನ್ನು ಅಗಲ ಪರಾತದಲ್ಲಿಟ್ಟು ಗಾಡಿಗೆ ಕಟ್ಟಬೇಕು. ಕಾರ್ಖಾನೆಯವರೆಗೆ ಹೋಗಿ ಬಂದ ಮೇಲೆ ಪರಾತಕ್ಕೆ ಎಷ್ಟು ಸೌಟು ಚೆಲ್ಲಿದೆಯೋ ಅಷ್ಟು ಆ ಗಾಡಿಯ ದೋಷ!

ಮೂರು ಭಾನುವಾರ, ಮೂರು ಗಾಡಿ. ಓಡಿಸುವವನು ಭೋಜರಾಜ. ಒಡೆದ ತುಟಿ ವಾಸಿಯಾಗುವ ಮೊದಲೇ ಬಂದ ಅವನನ್ನು ಕಂಡು ತುಂಗಾ ನೆಲ ನೋಡಿದಳು.

"ಅವತ್ತು... ಗೊತ್ತಾಗದೆ ಹೊಡೆದದ್ದು..."

"ಪರವಾಯಿಲ್ಲೆ ಬಿಡಿ. ಗಾಡಿ ತಗಲಿದ್ರೆ ಇನ್ನೂ ಜೋರಾಗಿ ತಗಲಿರೋದು" ಎಂದು ನಕ್ಕ. ಅವನ ಅಪ್ಪ ಪೆರಂಬೂರಿನ ರೈಲ್ವೆ ವರ್ಕ್‌ಶಾಪಿನವರು, ಮೂಲ ಮೈಸೂರು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು.

ಮೊದಲ ಭಾನುವಾರ ನೂರೈವತ್ತರ ಸಣ್ಣ ಗಾಡಿ. ಆರು ಸೌಟು ಚೆಲ್ಲಿತು! "ರೊಂಬ ಹಗುರ ಇದು. ಸಣ್ಣ ಹಳ್ಳ ಸಿಕ್ರೂ ಪುಟಿಯುತ್ತೆ" ಎಂದ. ಎರಡನೆಯ ಭಾನುವಾರ ಐನೂರರದು. ನಾಲ್ಕು ಸೌಟು. "ದೊಡ್ಡ ರೋಡಲ್ಲಿ ರಾಜ. ಆದ್ರೆ ಊರೊಳಗೆ ಎತ್ತಿನಗಾಡಿ ಹಿಂದೆ ನಿಧಾನಕ್ಕೆ ಹೋಗು ಅಂದ್ರೆ ಕೇಳಲ್ಲ, ಎಳೆದೆಳೆದು ಒದೆಯುತ್ತೆ."

"ಹಾಗಾದ್ರೆ ಯಾವುದು ಸರಿ?"

"ಮಧ್ಯದ್ದು. ಮುನ್ನೂರೈವತ್ತು. ಸೀಟಿನ ಸ್ಪ್ರಿಂಗ್ ಮೆತ್ತಗೆ, ಹ್ಯಾಂಡಲ್ ಎದೆ ಮಟ್ಟಕ್ಕೆ. ಊರೊಳಗೂ ಓಡುತ್ತೆ, ಪೂನಮಲ್ಲಿ ರೋಡಲ್ಲೂ ಓಡುತ್ತೆ. ದಿನಾ ಹದಿನೆಂಟು ಮೈಲಿ ಓಡಿಸೋನಿಗೆ ಸಂಜೆ ಬೆನ್ನು ನೋಯಬಾರದು ಅಲ್ವಾ? ಅದನ್ನ ಯಾರೂ ಕೇಳೋದೇ ಇಲ್ಲ."

ಓಡಿಸುವವನ ಬೆನ್ನು! ಆ ಹೋಟೆಲಿನಲ್ಲಿ ಕೆಲಸದವನ ಬೆನ್ನಿನ ಬಗ್ಗೆ ಮಾತಾಡಿದ ಮೊದಲ ಗಂಡಸು ಅವನು. ತುಂಗಾಳಿಗೆ ಅವತ್ತಿಡೀ ಅದೇ ಮಾತು. ಮುಂದಿನ ಭಾನುವಾರ ಯಾವಾಗ ಬರುತ್ತದೋ ಎಂದು ಬೆರಳು ಮಡಿಸಿದಳು, ಹುಚ್ಚಿ!

ಮೂರನೆಯ ಭಾನುವಾರ ಮುನ್ನೂರೈವತ್ತು ಹೊರಟಿತು. ಬರುವುದು ಒಂದು ಗಂಟೆ ತಡವಾಯಿತು. ಬಂದವನು ಅಂಗಿಯ ಗುಂಡಿಯನ್ನು ಕುತ್ತಿಗೆಯವರೆಗೂ ಹಾಕಿದ್ದ, ಎಡಗಾಲು ಎಳೆಯುತ್ತಿದ್ದ.

"ಕಾಲಿಗೆ ಎಂತಾಯ್ತು?"

"ಉಳುಕಿತು ಅಷ್ಟೇ. ಮೊದಲು ತೂಕು ನೋಡಿ."

ತೂಕು ಕಂಠದವರೆಗೂ ತುಂಬಿತ್ತು. ಪರಾತದಲ್ಲಿ ಒಂದು ಹನಿ ಇಲ್ಲ! ಅಡುಗೆಮನೆಯವರೆಲ್ಲ ಬಂದು ಬಗ್ಗಿ ನೋಡಿದರು. ವಿಷ್ಣುಮೂರ್ತಿ ಮಾತ್ರ ಬಾಗಿಲಿಗೆ ಒರಗಿ ನಿಂತಿದ್ದ.

ತುಂಗಾಳ ಖುಷಿ ಒಂದೇ ನಿಮಿಷ. ತೂಕಿನಿಂದ ಹಬೆ ಏಳುತ್ತಿತ್ತು. ಹದಿನೆಂಟು ಮೈಲಿ ಸುತ್ತಿ ಬಂದ ಸಾಂಬಾರಿಗೆ ಹಬೆ? ಸೌಟು ಅದ್ದಿ ನಾಲಿಗೆಗೆ ತಾಗಿಸಿದಳು.

ಈರುಳ್ಳಿ... ತಮಿಳು ಹೋಟೆಲಿನ ಸಣ್ಣ ಈರುಳ್ಳಿ, ಚಿನ್ನ ವೆಂಗಾಯ! ಅನಂತ ವಿಲಾಸದ ಒಲೆ ಇವತ್ತಿನವರೆಗೆ ಈರುಳ್ಳಿ ಕಂಡದ್ದಿಲ್ಲ.

"ಇದು ನಮ್ಮ ಸಾಂಬಾರ್ ಅಲ್ಲ."

ಭೋಜರಾಜನ ಮುಖ ಬಿಳಿಚಿತು.

"ದಾರಿಯಲ್ಲಿ ಬೇರೆ ಹೋಟೆಲಿಂದ ತುಂಬಿಸ್ಕೊಂಡು ಬಂದ್ರಿ. ಹೌದಾ ಅಲ್ವಾ?"

"...ಹೌದು."

"ಯಾಕೆ?"

ಅವನ ಕಣ್ಣು ಒಮ್ಮೆ ವಿಷ್ಣುಮೂರ್ತಿಯ ಕಡೆ ಹೋಗಿ ಬಂತು. ತುಂಗಾ ಅದನ್ನು ನೋಡಲಿಲ್ಲ. ಅವಳ ತಲೆಯಲ್ಲಿ ಒಂದೇ ಮಾತು ಕುದಿಯುತ್ತಿತ್ತು... ಮೋಸ! ಇವನ ಮಾತನ್ನೆಲ್ಲ ನಂಬಿದೆನಲ್ಲ, ಬೆರಳು ಮಡಿಸಿ ಕಾದೆನಲ್ಲ!

"ಗಾಡಿ ಮಾರ್ಲಿಕ್ಕೆ ಇಷ್ಟು ಕೀಳಾಟವಾ? ಥೂ!"

ಅದೇ ಗಳಿಗೆಯಲ್ಲಿ ಅವಳ ಕೈ ತೂಕನ್ನು ಎತ್ತಿ ಬೀಸಿತು. ಕುದಿಯುವ ಸಾಂಬಾರ್ ಅವನ ಎಡಗೈಯ ಮೇಲೆ ಸುರಿಯಿತು.

ಭೋಜರಾಜ ಕಿರುಚಲಿಲ್ಲ. ಹಲ್ಲು ಕಚ್ಚಿ ಗೋಡೆ ಹಿಡಿದ. ಮೊಣಕೈಯಿಂದ ಮಣಿಕಟ್ಟಿನವರೆಗೆ ಚರ್ಮ ಕೆಂಪಾಗಿ ಏಳತೊಡಗಿತು. ಒಂದೇ ಕೈಯಲ್ಲಿ ಗಾಡಿ ತಳ್ಳಿಕೊಂಡು ಹೋದ.

ತುಂಗಾ ಮೂರು ದಿನ ಊಟ ಬಿಟ್ಟಳು. ಅವನ ಮೇಲಿನ ಸಿಟ್ಟಿಗೋ ತನ್ನ ಮೇಲಿನ ಸಿಟ್ಟಿಗೋ, ಅವಳಿಗೇ ತಿಳಿಯದು.

ನಾಲ್ಕನೆಯ ದಿನ ಬೆಳಿಗ್ಗೆ ಅಡುಗೆಯ ಕಿಟ್ಟಣ್ಣ ರುಬ್ಬುವ ಕಲ್ಲಿನ ಹತ್ತಿರ ಬಂದು ನಿಂತ. ಇಪ್ಪತ್ತು ವರ್ಷದಿಂದ ಆ ಒಲೆಯ ಮುಂದೆ ಬೆಂದ ಮುದುಕ.

"ತುಂಗಮ್ಮ, ನನಗೆ ನಿದ್ರೆ ಬರುದಿಲ್ಲ. ಆ ಹುಡುಗ ಮೋಸ ಮಾಡ್ಲಿಲ್ಲ."

"ಎಂತ ಹೇಳ್ತೀರಿ ಕಿಟ್ಟಣ್ಣ?"

"ಅಮಿಂಜಿಕರೈ ಹತ್ರ ನಿಮ್ಮ ಅಣ್ಣಯ್ಯ ಜಟ್ಕಾದಲ್ಲಿ ಕಾದು ನಿಂತಿದ್ರು. ಇಬ್ಬರು ರೌಡಿಗಳು ಇದ್ರು. ನನ್ನನ್ನೂ ಕರ್ಕೊಂಡು ಹೋಗಿದ್ರು. ಅವನನ್ನ ಇಳಿಸಿ ಸೈಕಲ್ ಚೈನಲ್ಲಿ ಹೊಡೆದ್ರು ಮಗಾ... ಬೆನ್ನು, ಕಾಲು, ಎಲ್ಲ. 'ಐನೂರೇ ಒಳ್ಳೇದು ಅಂತ ಹೇಳು, ನನ್ನ ತಂಗಿ ಹತ್ರ ಹಲ್ಲು ಕಿರಿಯುದು ನಿಲ್ಸು' ಅಂತ. ಕಡೆಗೆ ತೂಕನ್ನ ಕಾಲಲ್ಲಿ ಒದ್ರು. ಅಲ್ಲಿವರೆಗೆ ಪರಾತದಲ್ಲಿ ಅರ್ಧ ಸೌಟೂ ಚೆಲ್ಲಿರ್ಲಿಲ್ಲ. ನಾನೇ ಕಂಡದ್ದು!"

ತುಂಗಾ ರುಬ್ಬುವುದನ್ನು ಬಿಟ್ಟು ಎದ್ದು ನಿಂತಳು. ಗುಂಡಿ ಹಾಕಿದ ಅಂಗಿ... ಎಳೆಯುತ್ತಿದ್ದ ಕಾಲು... ಚೈನಿನ ಏಟು ತಿಂದು ಬಂದವನ ಮೇಲೆ ನಾನು ಕುದಿಯುವ ಸಾಂಬಾರ್ ಸುರಿದೆನೇ? ಅಯ್ಯೋ ದೇವರೇ!

"ಕಿಟ್ಟಾ! ಉಂಡ ಮನೆಗೇ ದ್ರೋಹವನಾ?"

ಹಿಂದೆ ವಿಷ್ಣುಮೂರ್ತಿ. ಕೈಯಲ್ಲಿ ಕಬ್ಬಿಣದ ಸೌಟು. ಅದು ಮುದುಕನ ತಲೆಯ ಮೇಲೆ ಎದ್ದಾಗ ತುಂಗಾ ನಡುವೆ ನುಗ್ಗಿದಳು. ಏಟು ಅವಳ ಭುಜಕ್ಕೆ ಬಿತ್ತು. ಕಣ್ಣಲ್ಲಿ ನೀರು ಚಿಮ್ಮಿತು. ಎರಡನೆಯ ಏಟು ಬೀಳುವ ಮೊದಲು ಸೌಟು ಕಿತ್ತುಕೊಂಡಳು. ಅಣ್ಣ ಆಯ ತಪ್ಪಿ ಗೋಡೆಗೆ ಬಡಿದು ಕೂತ. ಅವಳ ಕೈ ಮೇಲೆದ್ದಿತ್ತು, ಸೌಟು ಅವನ ನೆತ್ತಿಯ ನೇರಕ್ಕಿತ್ತು.

"ಹೊಡಿ! ಹೊಡಿಯೇ! ನೀನೂ ಅಪ್ಪಯ್ಯನ ಮಗಳೇ ಅಲ್ವಾ?" ಅವನು ಎರಡೂ ಕೈಯಲ್ಲಿ ತಲೆ ಮುಚ್ಚಿಕೊಂಡು ಕೂಗಿದ. ಅಮ್ಮ ಹೀಗೇ ತಲೆ ಮುಚ್ಚಿಕೊಳ್ಳುತ್ತಿದ್ದಳು.

ತುಂಗಾ ತನ್ನ ಕೈಯನ್ನು ನೋಡಿದಳು. ಕೆನ್ನೆಗೆ ಹೊಡೆದದ್ದು ಇದೇ ಕೈ. ಸಾಂಬಾರ್ ಸುರಿದದ್ದು ಇದೇ ಕೈ. ಯಾವ ಮನೆಯಿಂದ ತಪ್ಪಿಸಿಕೊಳ್ಳಬೇಕೆಂದು ಇಷ್ಟು ವರ್ಷ ಹಾತೊರೆದಳೋ, ಆ ಮನೆ ಅವಳ ತೋಳಿನಲ್ಲೇ ಇತ್ತು!

ಸೌಟನ್ನು ನೆಲಕ್ಕಿಟ್ಟಳು.

"ನಾನು ಹೊಡಿಯುದಿಲ್ಲ ಅಣ್ಣಯ್ಯ. ಇನ್ನು ಈ ಅಡುಗೆಮನೆಯಲ್ಲಿ ನೀನೂ ಹೊಡಿಯುದಿಲ್ಲ. ಹೊಡೆದ್ರೆ ನನ್ನ ಪಾಲು ತೆಗೊಂಡು, ಕಿಟ್ಟಣ್ಣನನ್ನ ಕರ್ಕೊಂಡು ಎದುರು ಬದಿಗೇ ಹೋಟೆಲ್ ಹಾಕ್ತೇನೆ. ಕಂಡ್ಕೋ."

ವಿಷ್ಣುಮೂರ್ತಿ ಗೋಡೆ ಹಿಡಿದು ಎದ್ದ. ಅವಳು ಆಗಲೇ ಬೀದಿಗಿಳಿದಿದ್ದಳು.

ಅಂಗಡಿಯಲ್ಲಿ ಭೋಜರಾಜ ಒಂದೇ ಕೈಯಲ್ಲಿ ಸ್ಪ್ಯಾನರ್ ಹಿಡಿದು ಚಕ್ರ ಬಿಗಿಯುತ್ತಿದ್ದ. ಎಡಗೈಗೆ ಬ್ಯಾಂಡೇಜು. ಅವಳನ್ನು ಕಂಡದ್ದೇ ತಡಬಡಿಸಿ ಎದ್ದ, ಒಂದು ಹೆಜ್ಜೆ ಹಿಂದೆ ಸರಿದ.

ಆ ಒಂದು ಹೆಜ್ಜೆ ಭುಜದ ಏಟಿಗಿಂತ ಹೆಚ್ಚು ನೋಯಿಸಿತು ಅವಳಿಗೆ.

"ಕಿಟ್ಟಣ್ಣ ಎಲ್ಲ ಹೇಳಿದ್ರು" ಎಂದಳು. "ನೀವು ಯಾಕೆ ಹೇಳ್ಲಿಲ್ಲ? ಕೈ ಸುಡುವಾಗ್ಲೂ ಯಾಕೆ ಬಾಯಿ ಬಿಡ್ಲಿಲ್ಲ?"

"ಹೇಳಿದ್ರೆ ನೀವು ಅವ್ರ ಮೇಲೆ ಹೋಗ್ತಿದ್ರಿ. ಅವ್ರು ನಿಮ್ಮ ಮೇಲೆ ಕೈ ಮಾಡೋರು. ನನ್ನ ಬೆನ್ನು ತಡೆಯುತ್ತೆ, ನಿಮಗ್ಯಾಕೆ ಏಟು ಅಂತ..." ಅವಳ ಭುಜದ ಮೇಲಿನ ಕೆಂಪು ಬಾಸುಂಡೆ ಅವನ ಕಣ್ಣಿಗೆ ಬಿತ್ತು. "ಅಯ್ಯೋ... ಬಿತ್ತಾ?"

"ಬಿತ್ತು. ನಾನು ಮಾತ್ರ ವಾಪಸ್ ಹೊಡೀಲಿಲ್ಲ."

ಮೂಲೆಯಲ್ಲಿ ಮುನ್ನೂರೈವತ್ತು ನಿಂತಿತ್ತು. ತುಂಗಾ ಅದರ ಸೀಟಿನ ಮೇಲೆ ಕೈಯಿಟ್ಟಳು.

"ನಮಗೆ ಈ ಗಾಡಿಯೇ ಬೇಕು. ಓಡಿಸುವವನ ಬೆನ್ನು ನೋಯ್ಬಾರ್ದು."

"ಸೆರಿ" ಎಂದ. ಸ್ಪ್ಯಾನರನ್ನೇ ತಿರುಗಿಸುತ್ತಾ ಕೇಳಿದ. "ಗಾಡಿಗಷ್ಟೇ ಬಂದ್ರಾ?"

"ಅಲ್ಲ." ತುಂಗಾ ತಲೆ ಎತ್ತಿದಳು. ಕಣ್ಣೀರು ಧಾರೆಯಾಗಿ ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. "ನೀವು ಇಲ್ಲದೆ ನನಗೆ ಆಗುದಿಲ್ಲ. ಅದನ್ನ ಹೇಳ್ಲಿಕ್ಕೆ ಬಂದೆ. ಕ್ಷಮಿಸ್ದಿದ್ರೂ ಪರವಾಗಿಲ್ಲ, ಕೇಳಿಸ್ಕೊಂಡ್ರೆ ಸಾಕು."

ಭೋಜರಾಜನ ಕಣ್ಣೂ ತುಂಬಿತು. ಎಷ್ಟು ಹೊಡೆತ ತಿಂದರೂ ಒದ್ದೆಯಾಗದ ಕಣ್ಣು!

"ನನಗೂ ನೀವೇ ಬೇಕು. ಮೊದಲ ದಿನದಿಂದ. ಆದ್ರೆ ನಿಜ ಹೇಳ್ಲಾ? ನಿಮ್ಮನ್ನ ಕಂಡ್ರೆ ಭಯ ಆಗುತ್ತೆ. ನಮ್ಮಪ್ಪ ಒಂದು ದಿನಾನೂ ನಮ್ಮಮ್ಮಂಗೆ ಹೊಡೆದೋರಲ್ಲ. ಅಂಥ ಮನೇಲಿ ಬೆಳೆದೋನು ನಾನು. ನಾಳೆ ನಮ್ಮ ಮಕ್ಕಳು ನಮ್ಮನ್ನ ನೋಡಿ ಹಿಂದೆ ಸರೀಬಾರ್ದು."

ನಮ್ಮ ಮಕ್ಕಳು! ತುಂಗಾಳಿಗೆ ಅಳುವಿನ ನಡುವೆ ನಗು ಬಂತು.

"ಕೋಪ ಬಂದ್ರೆ ಬಯ್ಯಿರಿ. ಕನ್ನಡದಲ್ಲೋ ತಮಿಳಲ್ಲೋ, ಎಷ್ಟು ಬೇಕಾದ್ರೂ. ಕೈ ಮಾತ್ರ..."

ಅವಳು ಎರಡೂ ಕೈಗಳನ್ನು ಅವನ ಮುಂದೆ ಚಾಚಿದಳು.

"ನನಗೂ ಈ ಕೈಗಳ ಮೇಲೆ ನಂಬಿಕೆ ಇಲ್ಲ. ಇನ್ನು ನೀವೇ ಹಿಡ್ಕೊಳ್ಳಿ."

ಭೋಜರಾಜ ಸ್ಪ್ಯಾನರ್ ಕೆಳಗಿಟ್ಟು ಮುಂದೆ ಬಂದ. ಬಲಗೈಯಲ್ಲಿ ಅವಳ ಒಂದು ಕೈ ಹಿಡಿದ. ಬ್ಯಾಂಡೇಜಿನ ಕೈ ನೋಡಿಕೊಂಡು ನಕ್ಕ.

"ಇನ್ನೊಂದು?"

"ಅದು ವಾಸಿ ಆಗುವವರೆಗೆ ನಾನೇ ಹಿಡ್ಕೊಳ್ತೇನೆ" ಎಂದಳು ತುಂಗಾ, ಬ್ಯಾಂಡೇಜಿನ ಕೆಳಗೆ ಅಂಗೈಯಿಟ್ಟು ಮೆಲ್ಲಗೆ ಎತ್ತಿಕೊಳ್ಳುತ್ತಾ. "ನೋಯ್ತದಾ?"

"ಇಲ್ಲ" ಎಂದ ಭೋಜರಾಜ. ಈ ಸಲ ಅವನು ಹಿಂದೆ ಸರಿಯಲಿಲ್ಲ.